ಸಂಶಯದ ಮೈಲಿಗೆ

ಬಾಳೆಲೆಗಳನ್ನು ಬಾವಿಕಟ್ಟೆಯ ಮೇಲೆ ಹರಡಿ ಹೆಗಲ ಮೇಲಿನ ಒದ್ದೆ ಬೈರಾಸಿನ ತುದಿಯಿಂದ ಒರೆಸುತ್ತಿದ್ದ ಮೋಹನದಾಸರ ಕೈ, ಕೊನೆಯ ಎಲೆಯ ನಡುದಂಟಿನ ಬಳಿಗೆ ಬಂದಾಗ ತಾನಾಗಿ ನಿಂತಿತು. ಅಲ್ಲಿ ಕಿರುಬೆರಳ ಉಗುರಿನಷ್ಟು ಅಗಲದ ಕಂದುಗೆಂಪು ಕಲೆಯೊಂದಿತ್ತು. ಬಾಳೆಯ ಕರೆಯಿರಬಹುದು, ಕತ್ತಿಯ ತುಕ್ಕಿರಬಹುದು, ಯಾವುದೋ ಹುಳುವಿನ ಹಿಕ್ಕೆಯಿರಬಹುದು. ಹಿಂದಿನ ವರ್ಷಗಳಲ್ಲಾದರೆ ಇಂಥ ಎಲೆಯನ್ನು ಅವರು ಎರಡನೆಯ ಸಲ ನೋಡುತ್ತಿರಲಿಲ್ಲ. ಅದು ಅದೇ ಗಳಿಗೆಯಲ್ಲಿ ಗೊಬ್ಬರದ ಗುಂಡಿಯ ಪಾಲಾಗುತ್ತಿತ್ತು. ಇಂದು ಮಾತ್ರ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, ವಿಚಾರಣೆಗೆ ಎಳೆದು ತಂದವನೊಬ್ಬನ ಮುಖವನ್ನು ನೋಡುವಂತೆ ನೋಡಿದರು. ಮನೆಯ ದೈವಕ್ಕೆ ವರ್ಷಕ್ಕೊಮ್ಮೆ, ಮಳೆಗಾಲದ ಸೋಣ ತಿಂಗಳ ಸಂಕ್ರಮಣದ ದಿನ, ಸಲ್ಲಬೇಕಾದ ನೈವೇದ್ಯಸೇವೆ, ತಂಬಿಲ. ಅವಲಕ್ಕಿ, ಬೆಲ್ಲ, ಎಳನೀರಿನ ಬೊಂಡ, ಅಡಕೆಹೂವಿನ ಹಿಂಗಾರ ಎಲ್ಲವೂ ದೈವದ ಕೋಣೆಯ ಹೊಸ್ತಿಲಲ್ಲಿ ಆಗಲೇ ಬಂದು ಕುಳಿತಿದ್ದವು. ಬಡಿಸುವುದಕ್ಕೆ ಕಲೆಯಿಲ್ಲದ ಎಲೆಯೇ ಆಗಬೇಕು. ಆದರೆ ಕಲೆಯೆಂದರೆ ಯಾವುದು, ಅದನ್ನು ಕಲೆಯೆಂದು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆ, ಈ ಅರುವತ್ತೈದನೆಯ ವಯಸ್ಸಿನಲ್ಲಿ, ಒದ್ದೆ ಪಂಚೆಯುಟ್ಟು ನಿಂತವರಿಗೆ ಮೊದಲ ಬಾರಿಗೆ ಹುಟ್ಟಿತ್ತು.

‘‘ಮಾಸ್ಟ್ರೇ, ಅವಲಕ್ಕಿ ಪ್ರಸಾದ ಕಳಿಸ್ಲಿಕ್ಕೆ ಮರೀಬೇಡಿ ಆಯ್ತಾ!’’ ಗೋಡೆಯಾಚೆಯಿಂದ ನೆರೆಮನೆಯ ಅಲ್ಫೋನ್ಸರ ತಲೆ ಕಾಣಿಸಿಕೊಂಡಿತು. ‘‘ಹುಡುಗಿ ಹೇಗಿದ್ದಾಳೆ?’’

‘‘ಇದ್ದಾಳೆ. ಕೆಲಸಕ್ಕೂ ಹೋಗ್ತಾಳೆ.’’

‘‘ಪುಣ್ಯವಂತೆ. ನಮ್ಮ ಮನೆಯವಳು ನೆಲ್ಲಿ ಈಗಲೂ ಹೇಳ್ತಾಳೆ, ಆ ಮಾಸ್ಟ್ರು ಇಲ್ಲದಿದ್ದರೆ ಆ ಹುಡುಗಿ ಇಲ್ಲ ಅಂತ. ನಾನಾದರೆ ಎಂತ ಮಾಡ್ತಿದ್ದೆ ಹೇಳಿ? ಅಳಿಯನ ಕಾಲು ಮುರಿದಾಗಲೂ ಎಣ್ಣೆ ಹಚ್ಚಿಕೋ ಅಂದ ಜನ ಮಾರಾಯ್ರೆ ನಾನು!’’

ಮೋಹನದಾಸರು ನಕ್ಕರು. ಆ ನಗೆಯನ್ನು ಅವರು ಡಾಕ್ಟರ ಕೋಣೆಯಲ್ಲಿ ಕಲಿತದ್ದು. ಹೋದ ಡಿಸೆಂಬರಿನ ಆ ದಿನ ಎಳೆಪ್ರಾಯದ ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಹುಡುಗಿಯ ಎಡ ಮೂತ್ರಪಿಂಡದ ಮೇಲ್ತುದಿಯಲ್ಲಿ ಗೇರುಬೀಜದಂತೆ ಹೊರಗೆ ಚಾಚಿದ್ದ ಬಿಳಿಯ ಗಂಟನ್ನು ಪೆನ್ನಿನ ತುದಿಯಿಂದ ತೋರಿಸಿದ್ದರು. ಇಪ್ಪತ್ತೇಳರ ಪ್ರಾಯಕ್ಕೆ ಇದು ಅಪರೂಪ, ಅಪರೂಪವೆಂದೇ ಯಾರೂ ಇದನ್ನು ನೆನೆಯುವುದಿಲ್ಲ ಎಂದಿದ್ದರು. ಆಮೇಲೆ ತಲೆಯೆತ್ತದೆಯೇ, ‘‘ರಕ್ತ ಮೊದಲು ಕಂಡದ್ದು ಯಾವಾಗ?’’ ಎಂದು ಕೇಳಿದ್ದರು. ಮೋಹನದಾಸರ ನಾಲಗೆಯ ಮೇಲೆ ಉತ್ತರ ಬಂದು ನಿಂತಿತ್ತು. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಸೊಸೆ, ತಂಗಿಯ ಮಗಳು ದೀಕ್ಷಿತಾ, ಅವರ ಕಡೆ ನೋಡಲಿಲ್ಲ. ‘‘ಹೋದ ವಾರ, ಡಾಕ್ಟ್ರೇ,’’ ಎಂದಳು. ಡಾಕ್ಟರು ಆಗ ತಲೆಯೆತ್ತಿ ಮೋಹನದಾಸರನ್ನು ನೋಡಿದರು. ‘‘ಒಳ್ಳೆಯದು ಮಾಡಿದ್ರಿ ಸರ್. ಉಷ್ಣ ಅಂತ ಹೇಳಿ ತಿಂಗಳುಗಟ್ಟಲೆ ಬಾರ್ಲಿ ನೀರು ಕುಡಿಸುವವರೇ ಜಾಸ್ತಿ ಇಲ್ಲಿ. ನಿಮ್ಮಂಥ ಹಿರಿಯರು ಮನೆಯಲ್ಲಿ ಇರ್ಬೇಕು.’’ ಅದಕ್ಕೆ ಮೋಹನದಾಸರು ಹೇಳಿದ್ದು ಒಂದೇ ಮಾತು: ‘‘ದೇವರ ದಯೆ.’’ ಹೇಳಿದ ಬಳಿಕ ಆ ನಗೆ ಬಂದಿತು, ಬಂದದ್ದು ಮುಖದಲ್ಲಿಯೇ ನೆಲೆಸಿತು. ಬೋಳಾರದ ಬೀದಿಯಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಪುರಾಣವಾಚನದ ಬಳಿಕ ಕೈಮುಗಿಯಲು ಬಂದವರೆಲ್ಲ ಅದೇ ಹೊಗಳಿಕೆಯನ್ನು ತಂದು ಅವರ ಮುಂದೆ ಇಟ್ಟಾಗಲೆಲ್ಲ, ತೊಟ್ಟ ವೇಷವೊಂದು ಚರ್ಮಕ್ಕೆ ಅಂಟಿಕೊಂಡಂತೆ ಅದು ಅಲ್ಲಿಯೇ ಇರುತ್ತಿತ್ತು.

ರಕ್ತ ಕಂಡದ್ದು ಹಿಂದಿನ ವಾರ ಆಗಿರಲಿಲ್ಲ. ಕಂಡದ್ದು ಹೋದ ವರ್ಷದ ಇದೇ ಸೋಣ ಸಂಕ್ರಮಣದ ಬೆಳಗ್ಗೆ. ಇದೇ ಬಾವಿಕಟ್ಟೆ, ಇಂಥದೇ ಎಲೆಗಳು. ತಂಗಿ ನಳಿನಾಕ್ಷಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಸೆರಗಿನಲ್ಲಿ ಬಾಯಿ ಮುಚ್ಚಿ, ‘‘ಅಣ್ಣಾ, ಅವಳಿಗೆ ರಕ್ತ ಹೋಗಿದೆಯಂತೆ. ಮೂತ್ರದಲ್ಲಿ ಅಂತ ಹೇಳ್ತಾಳೆ. ದೀಪ ಹಿಡೀಬಹುದಾ?’’ ಎಂದಿದ್ದಳು. ತಂಬಿಲದ ದೀಪವನ್ನು ಮನೆಮಗಳು ಹಿಡಿದು ತಂದು ಕೊಡುವುದು ಈ ಕುಟುಂಬದ ನಡವಳಿಕೆ. ಹೀಗಾಗಿ ಪ್ರಶ್ನೆ ದೀಪದ್ದಾಗಿತ್ತು. ರಕ್ತದ್ದಾಗಿರಲಿಲ್ಲ. ಆ ಮನೆಯಲ್ಲಿ ಆ ಗಳಿಗೆ ಯಾರೂ, ಹೆತ್ತ ತಾಯಿಯೂ, ರಕ್ತವೇಕೆ ಎಂದು ಕೇಳಲಿಲ್ಲ. ತಾಯಿಯ ಹಿಂದೆ, ಜರಿಯಂಚಿನ ಸೀರೆಯುಟ್ಟು ಮಲ್ಲಿಗೆ ಮುಡಿದು ನಿಂತಿದ್ದ ದೀಕ್ಷಿತಾಳೇ ಮುಂದೆ ಬಂದಿದ್ದಳು. ‘‘ಮಾವ, ಇದು ಅದಲ್ಲ. ನನಗೆ ಗೊತ್ತುಂಟಲ್ಲ.’’ ಅವಳ ಧ್ವನಿಯಲ್ಲಿ ವಾದವಿರಲಿಲ್ಲ. ಭಯವಿತ್ತು, ಅದನ್ನು ಯಾರಾದರೂ ಎತ್ತಿಕೊಳ್ಳಲಿ ಎಂಬ ಬೇಡಿಕೆಯಿತ್ತು. ಇದು ಈಗ ಅವರಿಗೆ ತಿಳಿಯುತ್ತದೆ. ಅಂದು ಅವರು ಎಲೆಯಿಂದ ಕಣ್ಣೆತ್ತಲಿಲ್ಲ. ಗಂಡಸಿನ ಮುಂದೆ ಹೆಣ್ಣುಮಗಳು ಇಂಥ ಮಾತೆತ್ತಿದಳಲ್ಲ ಎಂಬ ನಾಚಿಕೆಗೋ, ಮುಹೂರ್ತ ಮೀರುತ್ತದೆಂಬ ಆತುರಕ್ಕೋ, ಬಾಯಿಂದ ಒಂದು ವಾಕ್ಯ ಹೊರಬಿದ್ದಿತ್ತು, ಶಾಸನದಂತೆ ಕೊರೆದದ್ದು: ‘‘ಸಂಶಯವಿದ್ದಲ್ಲಿ ಮೈಲಿಗೆಯೆಂದೇ ತಿಳಿಯಬೇಕು, ಮಗಾ. ಹೊರಗೆ ಕೂತುಕೋ.’’

ಅವಳು ಬಾವಿಯಾಚೆಯ ಒಗೆಯುವ ಕಲ್ಲಿನ ಮೇಲೆ ಹೋಗಿ ಕುಳಿತಳು. ಜರಿಯಂಚು ಕೆಸರಿಗೆ ತಾಗದಂತೆ ಮೊಣಕಾಲಿನವರೆಗೆ ಎತ್ತಿ ಹಿಡಿದಿದ್ದಳು. ದೀಪವನ್ನು ನಳಿನಾಕ್ಷಿಯೇ ತಂದಳು, ಮುಹೂರ್ತ ಮೀರಲಿಲ್ಲ, ದೈವಕ್ಕೆ ಸಲ್ಲಬೇಕಾದದ್ದು ಸಂದಿತು. ಅಲ್ಲಿಂದ ಮುಂದೆ ಮೀನುಬಂದರಿನ ಧಕ್ಕೆಯ ಐಸ್ ಪ್ಲಾಂಟಿನ ಕಛೇರಿಯಿಂದ ದಣಿದು ಬಂದ ಕೆಲವು ಸಂಜೆಗಳಲ್ಲಿ ದೀಕ್ಷಿತಾ ಯಾರಿಗೂ ಹೇಳದೆ, ಯಾರೂ ಹೇಳದೆ, ತಟ್ಟೆಯನ್ನು ಹಿತ್ತಿಲಿಗೆ ಒಯ್ದು ಉಣ್ಣುತ್ತಿದ್ದಳು. ತಿಂಗಳಿಗೆ ಒಂದು ಸಲವಲ್ಲ. ಎರಡು ಸಲ, ಕೆಲವೊಮ್ಮೆ ಇನ್ನೂ ಬೇಗ. ತಾಯಿ ಉಷ್ಣವೆಂದು ಬೊಂಡ ಕೆತ್ತಿಸಿ ಕೊಟ್ಟಳು. ಜಗಲಿಯಲ್ಲಿ ಕನ್ನಡಕ ಏರಿಸಿ ಹಳಗನ್ನಡದ ಪದ್ಯವೊಂದಕ್ಕೆ ಅನ್ವಯ ಕೂಡಿಸುತ್ತಿದ್ದ ಮೋಹನದಾಸರ ಕಣ್ಣಿಗೂ ಇದು ಬಿದ್ದಿತ್ತು. ಬಿದ್ದಾಗ ಅವರಿಗೆ ಆದದ್ದು ಸಂತೋಷ. ಕಾಲೇಜು ಓದಿದ ಹುಡುಗಿ, ಆದರೂ ಮನೆಯ ಕ್ರಮವನ್ನು ಅರಿತುಕೊಂಡಳಲ್ಲ ಎಂಬ ಸಂತೋಷ. ಪಾಪಗಳಲ್ಲಿ ತಿಳಿಯದೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತವುಂಟು, ತಿಳಿದು ಮಾಡಿದ್ದಕ್ಕೂ ಉಂಟು. ಇನ್ನೊಬ್ಬರ ಕೇಡನ್ನು ನೋಡಿ, ಅದನ್ನು ಸದಾಚಾರವೆಂದು ಓದಿಕೊಂಡು ತಣಿದ ಮನಸ್ಸಿಗೆ ಏನು ವಿಧಿ? ಐಸ್ ಪ್ಲಾಂಟಿನ ಮೆಟ್ಟಿಲಲ್ಲಿ ಸೊಂಟ ಹಿಡಿದುಕೊಂಡು ಕುಸಿದ ಅವಳನ್ನು ಜೊತೆಯವರು ರಿಕ್ಷಾದಲ್ಲಿ ಹಾಕಿ ಆಸ್ಪತ್ರೆಗೆ ಒಯ್ಯುವವರೆಗೆ ಆ ಸಂತೋಷ ಕೆಡದೆ ಉಳಿದಿತ್ತು. ಅಲ್ಲಿಂದ ಮರುದಿನವೇ ಅವಳನ್ನು ಸ್ಕ್ಯಾನಿಗೂ ಡಾಕ್ಟರಲ್ಲಿಗೂ ಕರೆದೊಯ್ದದ್ದು ಮೋಹನದಾಸರು; ಊರು ಹೊಗಳಿದ್ದು ಅಷ್ಟನ್ನೇ ಕಂಡು.

ಎಡ ಮೂತ್ರಪಿಂಡ ತೆಗೆಯುವ ಶಸ್ತ್ರಚಿಕಿತ್ಸೆಯಾಗಿ ಅವಳು ಮನೆಗೆ ಬಂದ ಮೇಲೆ, ಆ ಒಂದು ವಾಕ್ಯವನ್ನು ಅವರು ಹುಡುಕಿದರು. ಕಪಾಟಿನ ಧರ್ಮಗ್ರಂಥಗಳನ್ನೆಲ್ಲ ಕೆಳಗಿಳಿಸಿ, ಆಶೌಚದ ಪ್ರಕರಣಗಳನ್ನು ಬೆರಳಿಟ್ಟು ಓದಿದರು. ಎಲ್ಲಿಯೋ ಒಬ್ಬ ಋಷಿಯೋ ಟೀಕಾಕಾರನೋ ಅದನ್ನು ಹೇಳಿರಬೇಕು. ಹೇಳಿದ್ದರೆ ಅಪರಾಧವನ್ನು ಅವನೊಡನೆ ಹಂಚಿಕೊಳ್ಳಬಹುದಿತ್ತು. ರೋಗಿಗೆ ವಿನಾಯಿತಿ ಸಿಕ್ಕಿತು, ಬಾಲಕಿಗೆ ಸಿಕ್ಕಿತು, ದೇಶಕಾಲಗಳನ್ನು ನೋಡಿ ನಡೆಯಬೇಕೆಂಬ ಎಚ್ಚರಿಕೆ ಪುಟಕ್ಕೊಂದರಂತೆ ಸಿಕ್ಕಿತು. ಆ ವಾಕ್ಯ ಮಾತ್ರ ಸಿಗಲಿಲ್ಲ. ಅದು ಅವರದೇ. ವರ್ಷಗಟ್ಟಲೆ ತರಗತಿಯಲ್ಲಿ ನಿಂತು ಮಾತಾಡಿದವನ ಬಾಯಿಗೆ, ಕೇಳುವವರು ಎದುರಾಡದಂತೆ, ಆಪ್ತವಾಕ್ಯದ ಗತ್ತಿನಲ್ಲಿ ಬಂದ ಸ್ವಂತ ರಚನೆ. ದೈವವೂ ಅದನ್ನು ಕೇಳಿರಲಿಲ್ಲ. ಒಳಗೆ, ಮಂಚದ ಮೇಲೆ, ಸಣ್ಣ ಎಣ್ಣೆದೀಪದ ಮುಂದೆ ಇರುವ ಆ ಶಕ್ತಿ ಹೆಣ್ಣುಮಗಳೊಬ್ಬಳನ್ನು ಹೊರಗೆ ಕೂರಿಸೆಂದು ಅಂದು ನುಡಿದಿರಲಿಲ್ಲ. ನುಡಿದವನು ಮೋಹನದಾಸ.

ಆದರೆ ಅದಕ್ಕಿಂತಲೂ ಅವರನ್ನು ಕೊರೆಯುತ್ತಿದ್ದುದು ದೀಕ್ಷಿತಾಳ ಸುಳ್ಳು. ಅದು ಕರುಣೆಯೆ, ತಿರಸ್ಕಾರವೆ? ಮಾವನ ಮಾನ ಉಳಿಸಿದಳೆ, ಅಥವಾ ಇವರೊಡನೆ ನಿಜ ಹೇಳಿ ಪ್ರಯೋಜನವಿಲ್ಲವೆಂದು ಹೋದ ಸೋಣದಲ್ಲಿಯೇ ನಿರ್ಧರಿಸಿಬಿಟ್ಟಿದ್ದಳೆ? ಅವಳು ಮಾತ್ರ ಎಂದಿನಂತೆ ಚಹಾ ತಂದುಕೊಡುತ್ತಿದ್ದಳು, ‘‘ಮಾವ, ಕನ್ನಡಕ ತಲೆ ಮೇಲೆ ಉಂಟು,’’ ಎಂದು ನಗುತ್ತಿದ್ದಳು. ಕೇಳುವ ಧೈರ್ಯ ಅವರಿಗೆ ಬರಲಿಲ್ಲ. ಅವಳು ಎಡಗೈಯನ್ನು ಪಕ್ಕೆಗೆ ಒತ್ತಿ ಮೆಟ್ಟಿಲಿಳಿಯುವಾಗಲೆಲ್ಲ ಇವರು ಪುಸ್ತಕವನ್ನು ಮುಖದ ಹತ್ತಿರಕ್ಕೆ ತಂದುಕೊಳ್ಳುತ್ತಿದ್ದರು.

‘‘ಅಣ್ಣಾ, ಎಲೆ ಆಯ್ತಾ? ಗಳಿಗೆ ಬಂತು,’’ ಒಳಗಿನಿಂದ ನಳಿನಾಕ್ಷಿ ಕೂಗಿದಳು. ಈ ಸಲದ ತಂಬಿಲ ಅವಳ ಹರಕೆ. ಮಗಳು ಬದುಕಿ ಬಂದರೆ ಅವಳ ಕೈಯಿಂದಲೇ ದೀಪ ತರಿಸುತ್ತೇನೆಂದು ಆಸ್ಪತ್ರೆಯ ವರಾಂಡದಲ್ಲಿ ಕುಳಿತು ಹೇಳಿಕೊಂಡಿದ್ದಳು. ಅದಕ್ಕೆಂದು ಹಿತ್ತಾಳೆಯ ಕಾಲುದೀಪವನ್ನು ಹುಣಿಸೆಹುಳಿ ಹಾಕಿ ತಿಕ್ಕಿ ಬೆಳಗಿದ್ದಳು. ಮೋಹನದಾಸರು ಎಲೆಗಳನ್ನು ಸುತ್ತಿ ಎದ್ದರು. ಕಲೆಯಿದ್ದ ಎಲೆಯನ್ನು ಏನು ಮಾಡುವುದೆಂದು ತಿಳಿಯದೆ ಅದನ್ನೂ ಸುತ್ತಿನೊಳಗೆ ಸೇರಿಸಿದರು.

ಅಡಿಗೆಮನೆಯ ಬಾಗಿಲಲ್ಲಿ ದೀಕ್ಷಿತಾ ನಿಂತಿದ್ದಳು. ಅದೇ ಜರಿಯಂಚಿನ ಸೀರೆ. ಕೈಯಲ್ಲಿ ದೀಪವಿರಲಿಲ್ಲ.

‘‘ಮಾವ, ದೀಪ ಅಮ್ಮನೇ ತರ್ಲಿ. ಇವತ್ತು ಅದೇ.’’

ಹೇಳಿದವಳು ಉತ್ತರಕ್ಕೆ ಕಾಯಲಿಲ್ಲ. ಅವರನ್ನು ದಾಟಿ, ತಾಗದಂತೆ ಒಂದು ಮಾರು ಸರಿದು, ಒಗೆಯುವ ಕಲ್ಲಿನ ಮೇಲೆ ಹೋಗಿ ಕುಳಿತಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದಳು.

ಮೊದಲು ಮೋಹನದಾಸರಿಗೆ ಆದದ್ದು ನಿರಾಳ. ಅದೇ ಎಂದರೆ ಅದೇ. ಲೋಕದ ಹೆಣ್ಣುಮಕ್ಕಳಿಗೆಲ್ಲ ಬರುವ ಅದು, ಆರೋಗ್ಯದ ಅದು. ಆ ನಿರಾಳ ಎರಡು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ಇನ್ನೊಂದು ಮಾತು ಒಳಗಿನಿಂದ ಹೆಡೆಯೆತ್ತಿತು. ಮನೆಗೆ ಕಳುಹಿಸುವ ದಿನ ಡಾಕ್ಟರು ಹೇಳಿದ್ದು: ಈ ಗಂಟು ಚಿಕ್ಕ ಪ್ರಾಯದಲ್ಲಿ ಬಂದರೆ ಉಳಿದ ಇನ್ನೊಂದು ಮೂತ್ರಪಿಂಡದ ಮೇಲೂ ಕಣ್ಣಿಟ್ಟಿರಬೇಕು, ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ಬರಬೇಕು. ಅದೇ ದಿನ. ಮತ್ತು ಇವಳು ಒಂದು ಸಲ ಸುಳ್ಳು ಹೇಳಿದವಳು. ಅದಕ್ಕೆ ಮೊದಲು, ನಿಜ ಹೇಳಿ ಹೊರಗೆ ಕುಳಿತವಳು. ರಕ್ತಕ್ಕೆ ಈ ಮನೆಯಲ್ಲಿ ಒಂದೇ ಹೆಸರು ಸಲ್ಲುತ್ತದೆಂದು ಅವಳಿಗೆ ಕಲಿಸಿದವನು ತಾನು. ತಾಯಿಯ ಹರಕೆಯ ದಿನ, ಮಾವನ ತಂಬಿಲದ ದಿನ, ಮತ್ತೊಮ್ಮೆ ಆಸ್ಪತ್ರೆಯ ಹೆಸರೆತ್ತಿ ಎಲ್ಲರ ಮುಖ ಬಾಡಿಸುವ ಬದಲು, ಕಲಿತ ಪಾಠವನ್ನೇ ಒಪ್ಪಿಸಿ ಹೋಗಿ ಕುಳಿತಳೆ?

ಅವರು ಎಲೆಗಳನ್ನು ಜಗಲಿಯ ಮೇಲಿಟ್ಟು ಕಲ್ಲಿನ ಬಳಿಗೆ ನಡೆದರು.

‘‘ಮಗಾ, ನಿಜವಾಗಿ ಅದುವಾ?’’

‘‘ಅದು ಅಂದರೆ ಎಂತ ಮಾವ?’’ ಅವಳು ತಲೆಯೆತ್ತಿದಳು. ‘‘ಹೆಸರು ಹೇಳಿ.’’

ಋತು, ರಜಸ್ಸು, ಆರ್ತವ, ಪುಷ್ಪ; ಸಂಸ್ಕೃತದ ಪದಗಳು ಸಾಲುಗಟ್ಟಿ ಬಂದವು, ಒಂದೂ ತುಟಿ ದಾಟಲಿಲ್ಲ. ಕಾವ್ಯಪಾಠದಲ್ಲಿ ಅಂಥ ಪದ್ಯ ಬಂದಾಗ ಅವರು ಎರಡು ಪುಟ ಒಟ್ಟಿಗೆ ಮಗುಚುತ್ತಿದ್ದರು. ಹಿಂದಿನ ಬೆಂಚಿನವರು ಮುಸಿಮುಸಿ ನಗುತ್ತಿದ್ದರು. ಈಗ ಯಾರೂ ನಗಲಿಲ್ಲ. ದೀಕ್ಷಿತಾ ಕಾದಳು, ಆಮೇಲೆ ಮುಖ ತಿರುಗಿಸಿದಳು. ‘‘ಬಿಡಿ. ನಿಮಗೆ ಗಳಿಗೆ ತಪ್ಪುತ್ತದೆ.’’

‘‘ಆಸ್ಪತ್ರೆಯವರು ಕೊಟ್ಟ ಬಾಟಲಿ ಒಂದು ಉಂಟಲ್ಲ,’’ ಎಂದರು ಮೋಹನದಾಸರು. ತಮ್ಮ ಧ್ವನಿ ತಮಗೇ ಅಪರಿಚಿತವಾಗಿತ್ತು. ‘‘ಅದರಲ್ಲಿ ಕೊಡು. ನಾನು ಲ್ಯಾಬಿಗೆ ಒಯ್ತೇನೆ.’’

‘‘ಅಣ್ಣಾ!’’ ಬಾಗಿಲಲ್ಲಿ ನಳಿನಾಕ್ಷಿ ದೀಪ ಹಿಡಿದು ನಿಂತಿದ್ದಳು. ‘‘ಮಡಿಯಲ್ಲಿ ನಿಂತು ಎಂತ ಮಾತು ಇದು? ತಂಬಿಲ ಮುಗೀಲಿ, ಸಂಜೆಗೆ ನಾನೇ ಹೋಗ್ತೇನೆ.’’

‘‘ಹೋದ ವರ್ಷವೂ ತಂಬಿಲ ಮುಗೀಲಿ ಅಂದದ್ದೇ, ನಳಿನಿ.’’

ತಂಗಿ ದೀಪವನ್ನು ಹೊಸ್ತಿಲ ಮೇಲಿಟ್ಟು ಅಲ್ಲಿಯೇ ಕುಳಿತಳು. ದೀಕ್ಷಿತಾ ಮಾವನನ್ನು ವಿಚಿತ್ರವಾಗಿ ನೋಡಿದಳು, ಎದ್ದು ಹೋದಳು. ಹಿಂತಿರುಗಿ ಬಂದು ನೀಲಿ ಮುಚ್ಚಳದ ಸಣ್ಣ ಬಾಟಲಿಯನ್ನು ಕಲ್ಲಿನ ಮೇಲಿಟ್ಟು ಕೈ ಹಿಂತೆಗೆದಳು. ಕೊಡುವುದಕ್ಕೂ ಅವಳಿಗೆ ಕೈ ಬರಲಿಲ್ಲ. ತಾಗದಿರುವ ಪಾಠ ಅಷ್ಟು ಚೆನ್ನಾಗಿ ಆಗಿತ್ತು. ಮೋಹನದಾಸರು ಬಾಟಲಿಯನ್ನೆತ್ತಿ, ಹೆಗಲ ಬೈರಾಸಿನಲ್ಲಿ ಸುತ್ತಿ, ಅಂಗಿ ತೊಡುವುದನ್ನೂ ಮರೆತು ಗೇಟು ದಾಟಿದರು.

ಅದು ಬಿಸಿಯಾಗಿತ್ತು. ಬಿಸಿಯಾಗಿರುತ್ತದೆಂದು ಅವರು ಎಣಿಸಿರಲಿಲ್ಲ. ಬಟ್ಟೆಯ ಮೂಲಕ ಅಂಗೈಗೆ ಹತ್ತಿದ ಆ ಶಾಖ, ಹುಟ್ಟಿದ ಮರುದಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ನರ್ಸು ಇವಳನ್ನು ತಂದು ಕೈಯಲ್ಲಿಟ್ಟಾಗಿನ ಶಾಖ. ಅಂದು ಇವಳು ಅವರ ಹೊಸ ಪಂಚೆಯನ್ನು ಒದ್ದೆ ಮಾಡಿದ್ದಳು, ಎಲ್ಲರೂ ನಕ್ಕಿದ್ದರು, ಮಾವನಿಗೆ ಅಭಿಷೇಕವಾಯಿತೆಂದು ಯಾರೋ ಹೇಳಿದ್ದರು. ಅಂದು ಅದು ಮೈಲಿಗೆಯೆಂದು ಯಾರಿಗೂ ತೋರಿರಲಿಲ್ಲ. ಮೈಲಿಗೆ ಯಾವ ವರ್ಷದಿಂದ ಆರಂಭವಾಯಿತು? ಸೋಣದ ಹನಿಮಳೆ ಬರಿಮೈಗೆ ಚುಚ್ಚುತ್ತಿತ್ತು. ಬೀದಿಯ ತಿರುವಿನಲ್ಲಿ ಮೀನಿನ ಪೊಟ್ಟಣ ಹಿಡಿದು ಬರುತ್ತಿದ್ದ ಅಲ್ಫೋನ್ಸ್ ಎದುರಾದರು. ಬರಿಮೈಯ ಮಾಸ್ಟ್ರನ್ನೂ ಎದೆಗವಚಿದ ಬೈರಾಸನ್ನೂ ಕಂಡು ಪೊಟ್ಟಣವನ್ನು ಭಕ್ತಿಯಿಂದ ಬೆನ್ನ ಹಿಂದೆ ಮಾಡಿದರು.

‘‘ಇಷ್ಟು ಬೇಗ ಪ್ರಸಾದ ಆಯ್ತಾ? ಯಾರಿಗೆ ಮಾರಾಯ್ರೆ, ನಡೆದುಕೊಂಡು ಹೋಗಿ ಕೊಡುವಷ್ಟು ದೊಡ್ಡ ಜನ?’’

‘‘ಪ್ರಸಾದ ಅಲ್ಲ, ಅಲ್ಫೋನ್ಸ್. ಮೂತ್ರ.’’

ಅಲ್ಫೋನ್ಸರ ನಗು ಅರ್ಧಕ್ಕೆ ನಿಂತಿತು. ಆ ಪದವನ್ನು ಬೀದಿಯಲ್ಲಿ ಹೇಳಿದ ಮೇಲೆ ಆಕಾಶ ಬೀಳಲಿಲ್ಲ ಎಂಬುದನ್ನು ಮೋಹನದಾಸರು ಆಶ್ಚರ್ಯದಿಂದ ಗಮನಿಸಿ ಮುಂದೆ ನಡೆದರು.

ಲ್ಯಾಬಿನಲ್ಲಿ ಜೂಲಿ ಎಂಬ ಹುಡುಗಿ ಒಬ್ಬಳೇ ಇದ್ದಳು. ಬಾಟಲಿಯನ್ನು ಕೈಗವಸಿನ ಬೆರಳುಗಳಿಂದೆತ್ತಿ ಬೆಳಕಿಗೆ ಹಿಡಿದಳು. ಮೋಹನದಾಸರು ಅಷ್ಟು ಹೊತ್ತು ಅದನ್ನು ನೋಡಿರಲಿಲ್ಲ. ಹೊಂಬಣ್ಣದ ನಡುವೆ, ನೀರಿಗೆ ಬಿದ್ದ ಕುಂಕುಮದಂತೆ, ಕೆಂಪಿನ ಎಳೆಯೊಂದು ತೇಲುತ್ತಿತ್ತು.

‘‘ರಕ್ತ ಉಂಟಲ್ಲ ಅಂಕಲ್. ಅವರಿಗೆ ಪೀರಿಯಡ್ಸಾ ಈಗ?’’

‘‘ಹಾಗೆ ಹೇಳ್ತಾಳೆ.’’

‘‘ಹಾಗಾದರೆ ಇದನ್ನು ಟೆಸ್ಟ್ ಮಾಡಿ ಎಂತ ಪ್ರಯೋಜನ ಇಲ್ಲ. ರಿಪೋರ್ಟಿನಲ್ಲಿ ರಕ್ತ ಅಂತ ಬರ್ತದೆ. ಎಲ್ಲಿಂದ ಬಂದದ್ದು ಅಂತ ನಮಗೆ ಹೇಳ್ಲಿಕ್ಕೆ ಆಗುವುದಿಲ್ಲ.’’

‘‘ಒಂದು ಕಿಡ್ನಿ ತೆಗೆದಿದ್ದಾರೆ,’’ ಎಂದರು ಮೋಹನದಾಸರು. ‘‘ಕ್ಯಾನ್ಸರ್. ಇನ್ನು ಒಂದೇ ಉಂಟು. ನನಗೆ ತಿಳಿಯಬೇಕಲ್ಲ.’’

ಜೂಲಿ ಬಾಟಲಿಯನ್ನು ಮೆಲ್ಲನೆ ಕೆಳಗಿಟ್ಟಳು. ‘‘ಡಾಕ್ಟ್ರಿಗೆ ತೋರಿಸಿ, ಸ್ಕ್ಯಾನ್ ಮಾಡ್ತಾರೆ. ಆದರೆ ಅಂಕಲ್, ಇದು ಅದಾ ಇದಾ ಅಂತ ಹೆಂಗಸರಿಗೆ ಗೊತ್ತಾಗ್ತದೆ. ನೀವು ಅವರನ್ನೇ ಕೇಳಿ.’’

ಹಿಂದಿರುಗುವ ದಾರಿ ಏರುದಾರಿಯಂತೆ ತೋರಿತು. ಗಳಿಗೆ ಮೀರಿ ಹೋಗಿತ್ತು. ನಳಿನಾಕ್ಷಿ ಹೊಸ್ತಿಲಲ್ಲಿ ದೀಪದ ಬಳಿ ಹಾಗೆಯೇ ಕುಳಿತಿದ್ದಳು. ದೀಕ್ಷಿತಾ ಕಲ್ಲಿನ ಮೇಲೆ. ಸೀರೆಯ ಅಂಚನ್ನು ಹಿಡಿದಿದ್ದ ಕೈ ಸೋತಿರಬೇಕು, ಜರಿ ಕೆಸರಿಗಿಳಿದಿತ್ತು.

‘‘ಎಂತ ಹೇಳಿದ್ರು?’’

‘‘ನಿನ್ನನ್ನೇ ಕೇಳ್ಬೇಕಂತೆ.’’

ಮೋಹನದಾಸರು ಕಲ್ಲಿನ ಇನ್ನೊಂದು ತುದಿಯಲ್ಲಿ ಕುಳಿತರು. ಕಲ್ಲು ಸಣ್ಣದು, ಅವರ ತೋಳು ಅವಳ ತೋಳಿಗೆ ತಾಗಿತು. ಅವಳು ಬೆಚ್ಚಿ ಸರಿಯಲು ಹೋದಳು, ಸರಿಯುವುದಕ್ಕೆ ಜಾಗವಿರಲಿಲ್ಲ.

‘‘ಮುಟ್ಟಾ, ಮಗಾ? ಅಲ್ಲ ಮೂತ್ರದಲ್ಲಾ?’’

ದೀಕ್ಷಿತಾ ಬಾವಿಯ ರಾಟೆಯನ್ನು ನೋಡಿದಳು. ‘‘ಮುಟ್ಟು,’’ ಎಂದಳು. ‘‘ನಿನ್ನೆ ರಾತ್ರಿಯಿಂದ ಹೊಟ್ಟೆನೋವು ಇತ್ತು. ಹೋದ ವರ್ಷ ಇರ್ಲಿಲ್ಲ. ಆಗ ನೋವೇ ಇರ್ಲಿಲ್ಲ, ಮಾವ. ಅದನ್ನು ಹೇಳ್ಲಿಕ್ಕೆ ಅಂತಲೇ ಬಂದಿದ್ದೆ.’’

‘‘ನಾಳೆ ಡಾಕ್ಟ್ರಲ್ಲಿಗೆ ಹೋಗೋಣ. ಈ ಸಲ ಯಾವಾಗಿಂದ ಅಂತ ಕೇಳಿದರೆ ನಾನು ಹೇಳ್ತೇನೆ. ಹೋದ ವರ್ಷದ್ದನ್ನೂ ಹೇಳ್ತೇನೆ.’’

‘‘ಈಗ ಎಂತಕ್ಕೆ ಅದು?’’

‘‘ಅವರು ನನ್ನನ್ನು ಹೊಗಳಿದ್ದಾರೆ.’’

ಅವಳು ನಕ್ಕಳೋ, ಅತ್ತಳೋ. ತೋಳಿಗೆ ತಾಗಿದ್ದ ತೋಳು ಅಲುಗಿತು. ನಂಬಿದಿರಾ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೌದೆನ್ನುತ್ತಿದ್ದರು. ಆದರೂ ಬಾಟಲಿಯಲ್ಲಿ ಕಂಡ ಕೆಂಪಿನ ಎಳೆ ಅವರ ಕಣ್ಣೊಳಗೆ ತೇಲುತ್ತಲೇ ಇತ್ತು. ನಾಳೆ ತೇಲುತ್ತದೆ, ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದ ಮೇಲೂ ಬಹುಶಃ ತೇಲುತ್ತದೆ. ಸಂಶಯ ಅವಳದಾಗಿರಲಿಲ್ಲ. ಹೋದ ವರ್ಷವೂ ಅವಳಲ್ಲಿ ಸಂಶಯವಿರಲಿಲ್ಲ. ‘ನನಗೆ ಗೊತ್ತುಂಟಲ್ಲ’ ಎಂದು ಅವಳು ಸ್ಪಷ್ಟವಾಗಿ ಹೇಳಿದ್ದಳು. ಸಂಶಯಪಟ್ಟವನು ಒಳಗೆ ಹೋಗಿ ಎಲೆ ಬಡಿಸಿದ್ದ, ಸಂಶಯವಿಲ್ಲದವಳು ಈ ಕಲ್ಲಿನ ಮೇಲೆ ಕುಳಿತಿದ್ದಳು.

‘‘ಅಣ್ಣಾ,’’ ನಳಿನಾಕ್ಷಿ ಕೂಗಿದಳು. ಧ್ವನಿ ಒಡೆದಿತ್ತು. ‘‘ಬೇಗ ಮಿಂದು ಬನ್ನಿ. ತಡವಾದರೂ ಆಗ್ತದೆ.’’

‘‘ನೀನೇ ದೀಪ ಇಡು, ನಳಿನಿ. ನಾನು ಹೊರಗೆ ಕೂತಿದ್ದೇನೆ.’’

ಆಮೇಲೆ ಹಿತ್ತಾಳೆಯ ದೀಪ ಹೊಸ್ತಿಲಿನಿಂದ ಮೇಲೆದ್ದಿತು. ಒಳಗಿನ ಕತ್ತಲೆಯಲ್ಲಿ ಬತ್ತಿ ಹೊತ್ತಿಕೊಂಡು, ದೈವದ ಮಂಚದ ಒಂದು ಕಾಲು ಮಾತ್ರ ಹೊರಗಿನವರ ಕಣ್ಣಿಗೆ ಬೆಳಗಿತು.

‘‘ಇದರಲ್ಲಿ ಒಂದು ಎಲೆಗೆ ಕಲೆ ಉಂಟಲ್ಲ ಅಣ್ಣಾ, ಹಾಕುವುದಾ?’’

ಮೋಹನದಾಸರು ಪಕ್ಕಕ್ಕೆ ತಿರುಗಿ ಸೊಸೆಯ ಮುಖ ನೋಡಿದರು.

‘‘ಹಾಕು ಅಮ್ಮಾ,’’ ಎಂದು ಅವಳೇ ಕೂಗಿ ಹೇಳಿದಳು.